ಬಲೆಯ ಕಣ್ಣು, ಗಜನಿಯ ಉಪ್ಪು: ವಿಕಾಸದ ಬಗ್ಗೆ ಒಂದು ವಾದ

(ಕಾರವಾರದಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಮೀನುಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಾಠ ಮಾಡಬೇಡಿ, ವಾದ ಮಾಡಿ ಅಂತ ಕರೆದವರು ಹೇಳಿದ್ದಾರೆ. ನನಗೂ ಅದೇ ಇಷ್ಟ. ಜೀವಿಗಳು ಕಾಲ ಕಳೆದಂತೆ ಬದಲಾಗುತ್ತವೆ, ಅದಕ್ಕೆ ನಿಸರ್ಗದ ಆಯ್ಕೆ ಒಂದು ದೊಡ್ಡ ಕಾರಣ ಅಂತ ಎಲ್ಲಿ ಹೇಳಿದರೂ ಅದೇ ನಾಲ್ಕೈದು ಆಕ್ಷೇಪ ಎದ್ದು ಬರುತ್ತವೆ. ಮಂಗನಿಂದ ಮನುಷ್ಯ ಬಂದಿದ್ದರೆ ಮಂಗ ಇನ್ನೂ ಯಾಕಿದೆ? ಯಾರು ನೋಡಿದ್ದಾರೆ? ಕಣ್ಣಿನಂಥ ಅಂಗ ತಾನಾಗಿ ಆಗುತ್ತಾ? ಇದು ಬರೀ ಥಿಯರಿ ಅಲ್ವಾ? ಇವನ್ನು ಕೇಳಿದವರನ್ನು ನೋಡಿ ನಗುವ ಅಭ್ಯಾಸ ಕೆಲವು ಮೇಷ್ಟ್ರುಗಳಿಗೆ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಪ್ರಶ್ನೆಗಳು ಒಳ್ಳೆಯವೇ. ಸಿಗಬೇಕಾದ ಉತ್ತರ ಸಿಕ್ಕಿಲ್ಲ, ಅಷ್ಟೇ.

ಉತ್ತರ ಸಿಗುವ ದಾರಿಯೂ ಚಿಕ್ಕದಾಗುತ್ತಿದೆ. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ ಹೇಳಿದ್ದು ವೈಜ್ಞಾನಿಕವಾಗಿ ತಪ್ಪು ಅಂದರು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವೇ ಹೋಯಿತು. 1800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಇದು ಬೇಡ ಅಂತ ಬರೆದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಇದೆ, ನಿಜ. ಆದರೆ ಹತ್ತರ ನಂತರ ಕಾಮರ್ಸ್‌ಗೋ ಐಟಿಐಗೋ ಹೋಗುವ ಮಗು, ಅಪ್ಪನ ಜೊತೆ ದೋಣಿಗೆ ಇಳಿಯುವ ಮಗು ಅದನ್ನು ಎಲ್ಲಿ ಓದಬೇಕು? ಇದು ನನಗೆ ತುಂಬ ಬೇಜಾರಿನ ವಿಷಯ. ಅದಕ್ಕೇ ಇಲ್ಲಿ ನಿಂತಿದ್ದೇನೆ.

ಶಾಲೆಯಲ್ಲಿ ಹೆಚ್ಚಿನವರು ಕೇಳಿದ್ದು ಜಿರಾಫೆಯ ಕಥೆ. ಮೇಲಿನ ಎಲೆ ಎಟುಕಲಿಲ್ಲ, ಕತ್ತು ಚಾಚಿ ಚಾಚಿ ಉದ್ದವಾಯಿತು, ಮರಿಗಳಿಗೂ ಅದೇ ಬಂತು. ಡಾರ್ವಿನ್ ಹೆಸರಲ್ಲಿ ಈ ಕಥೆ ಹೇಳುವವರಿದ್ದಾರೆ. ನಿಸರ್ಗದ ಆಯ್ಕೆ ನಡೆಯುವುದು ಹಾಗಲ್ಲ. ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದಲೇ. ಹಾಗಾಗಿ ಜಿರಾಫೆ ಬಿಟ್ಟು ನಮ್ಮ ಕುಮಟಾ ಕಡೆಗೆ ಬರೋಣ.

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾದ ಸುತ್ತಮುತ್ತ ಗಜನಿ ಗದ್ದೆಗಳಿವೆ. ಉಬ್ಬರದ ನೀರಿನ ಜೊತೆ ಉಪ್ಪು ಒಳಗೆ ಬರುವ ಗದ್ದೆಗಳು. ಮಳೆಗಾಲದಲ್ಲಿ ಸಿಹಿನೀರು ಆ ಉಪ್ಪನ್ನು ಒಂದಷ್ಟು ತೊಳೆಯುತ್ತದೆ, ಪೂರ್ತಿ ತೊಳೆಯುವುದಿಲ್ಲ. ಅಲ್ಲಿ ಘಟ್ಟದ ಮೇಲಿನ ಭತ್ತದ ಬೀಜ ತಂದು ಹಾಕಿದರೆ ಬೆಳೆ ಬರುವುದಿಲ್ಲ. ಕಗ್ಗ ಅನ್ನುವ ಇಲ್ಲಿನದೇ ಭತ್ತ ಬರುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು.

ಕಗ್ಗಕ್ಕೆ ಉಪ್ಪು ತಡೆಯುವ ಶಕ್ತಿ ಎಲ್ಲಿಂದ ಬಂತು? ಯಾವುದೋ ಒಂದು ಸಸಿ ಉಪ್ಪಿನಲ್ಲಿ ಕಷ್ಟಪಟ್ಟು, ಅಭ್ಯಾಸ ಮಾಡಿಕೊಂಡು, ಆ ಅಭ್ಯಾಸವನ್ನು ಬೀಜಕ್ಕೆ ಕೊಟ್ಟಿತಾ? ಇಲ್ಲ. ಒಂದು ಗದ್ದೆಯ ಸಸಿಗಳು ನಮಗೆ ಒಂದೇ ಥರ ಕಂಡರೂ ಒಂದೇ ಥರ ಇರುವುದಿಲ್ಲ. ಜೀನ್‌ಗಳ (ವಂಶವಾಹಿಗಳ) ನಕಲು ಆಗುವಾಗ ಸಣ್ಣ ಸಣ್ಣ ತಪ್ಪು ಆಗುತ್ತಲೇ ಇರುತ್ತದೆ. ಗಂಡು ಹೆಣ್ಣು ಸೇರುವಾಗ ಅವು ಮತ್ತೆ ಕಲಸಿಹೋಗುತ್ತವೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಹಾನಿ ಮಾಡುತ್ತವೆ. ಅಪರೂಪಕ್ಕೆ ಒಂದು, ಬೇರಿನಿಂದ ಮೇಲೆ ಏರುವ ಉಪ್ಪನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಸಿಹಿನೀರಿನ ಗದ್ದೆಯಲ್ಲಿ ಇದರಿಂದ ಪ್ರಯೋಜನ ಇಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಗಜನಿಯಲ್ಲಿ ಹಾಗಲ್ಲ. ಅಕ್ಕಪಕ್ಕದವು ಸಾಯುವಾಗ ಅದು ನಾಲ್ಕು ಕಾಳು ಜಾಸ್ತಿ ಕಟ್ಟುತ್ತದೆ. ಬದುಕಿದ್ದರಿಂದಲೇ ರೈತ ಮುಂದಿನ ವರ್ಷಕ್ಕೆ ಬೀಜ ಇಡುತ್ತಾನೆ, ಬೇರೆಯದು ಅವನ ಕೈಯಲ್ಲಿ ಇರುವುದೇ ಇಲ್ಲ. ಮತ್ತೆ ಬಿತ್ತನೆ, ಮತ್ತೆ ಉಪ್ಪು, ಮತ್ತೆ ಬೀಜ.

ಇಷ್ಟೇ ಸಂಗತಿ. ಒಂದೇ ಜಾತಿಯೊಳಗೆ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸ ಮಕ್ಕಳಿಗೆ ಹೋಗಬೇಕು, ಅದರಿಂದಾಗಿ ಕೆಲವಕ್ಕೆ ಜಾಸ್ತಿ ಮಕ್ಕಳು ಉಳಿಯಬೇಕು. ಈ ಮೂರು ಸೇರಿದ ಕಡೆ ಬದಲಾವಣೆ ಆಗದೇ ಇರಲು ಸಾಧ್ಯವೇ ಇಲ್ಲ. ಯಾವ ಸಸಿಯೂ ತನ್ನ ಜೀವಮಾನದಲ್ಲಿ ಬದಲಾಗಲಿಲ್ಲ ಅನ್ನೋದನ್ನು ಗಮನಿಸಿ. ಹುಟ್ಟಿದಾಗ ಹೇಗಿತ್ತೋ ಹಾಗೇ ಸತ್ತಿತು. ಬದಲಾದದ್ದು ಗದ್ದೆಯಲ್ಲಿ ಯಾವ ಥರದ ಸಸಿ ಎಷ್ಟಿದೆ ಅನ್ನುವ ಲೆಕ್ಕ. ಉಪ್ಪು ಹೊಸತೇನನ್ನೂ ಮಾಡಲಿಲ್ಲ, ಇದ್ದದ್ದರಲ್ಲಿ ಕೆಲವನ್ನು ತೆಗೆದುಹಾಕಿತು. ಮೊದಲೇ ಒಳಗೆ ವ್ಯತ್ಯಾಸ ಇರದಿದ್ದರೆ ಉಪ್ಪು ಇಡೀ ಗದ್ದೆಯನ್ನು ಮುಗಿಸುತ್ತಿತ್ತು, ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಈ ಒಂದು ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ. ಇವತ್ತು ನಾನು ಹೇಳಲು ಬಂದಿರುವುದೇ ಇದು, ಉಳಿದದ್ದೆಲ್ಲ ಇದರ ಹಿಂದೆಮುಂದೆ.

ಕಗ್ಗದಲ್ಲಿ ರೈತನ ಕೈಯೂ ಇದೆಯಲ್ಲ, ಅದು ನಿಸರ್ಗದ ಆಯ್ಕೆ ಹೇಗಾಗುತ್ತದೆ ಅಂತ ಕೇಳಬಹುದು. ಎರಡೂ ಸೇರಿದೆ. ಡಾರ್ವಿನ್ 1859ರ ತನ್ನ ಪುಸ್ತಕವನ್ನು ಶುರು ಮಾಡಿದ್ದೇ ಸಾಕುಪ್ರಾಣಿಗಳಿಂದ. ಮೊದಲ ಅಧ್ಯಾಯದಲ್ಲಿ ಪಾರಿವಾಳ ಸಾಕುವವರ ಬಗ್ಗೆ ಪುಟಗಟ್ಟಲೆ ಬರೆದ. ಮನುಷ್ಯ ಆರಿಸಿ ಆರಿಸಿ ಇಷ್ಟು ಬದಲಾವಣೆ ತರುವುದಾದರೆ, ಹಸಿವು, ರೋಗ, ಬರ, ಬೇಟೆಗಾರ ಪ್ರಾಣಿ ಇವೆಲ್ಲ ಅದೇ ಕೆಲಸವನ್ನು ಲಕ್ಷಾಂತರ ವರ್ಷ ಮಾಡಿದರೆ ಏನಾಗಬಹುದು? ಅದು ಅವನ ವಾದ. ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಬೇರೆಯಾಗಿಯೇ ಯೋಚಿಸಿ, ಈಗಿನ ಇಂಡೋನೇಷ್ಯಾದ ದ್ವೀಪಗಳಲ್ಲಿ ಜ್ವರದಲ್ಲಿ ಮಲಗಿದ್ದಾಗ ಅದೇ ಉತ್ತರಕ್ಕೆ ಬಂದ. 1858ರಲ್ಲಿ ಇಬ್ಬರ ಬರಹವನ್ನೂ ಲಂಡನ್ನಿನಲ್ಲಿ ಒಟ್ಟಿಗೆ ಓದಿದರು.

ಸರಿ, ಇದನ್ನೆಲ್ಲ ಯಾರು ನೋಡಿದ್ದಾರೆ?

ನೋಡಿದ್ದಾರೆ. ಮೀನುಗಾರರು ಕೂತಿರುವುದರಿಂದ ಮೀನಿನ ಪ್ರಯೋಗವನ್ನೇ ಹೇಳುತ್ತೇನೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಿಲ್ವರ್‌ಸೈಡ್ ಅಂತ ಒಂದು ಚಿಕ್ಕ ಮೀನು. ಒಂದೇ ವರ್ಷದ ಆಯುಷ್ಯ. ಡೇವಿಡ್ ಕೊನೋವರ್ ಮತ್ತು ಸ್ಟೀಫನ್ ಮಂಚ್ ಅನ್ನುವ ವಿಜ್ಞಾನಿಗಳು ಇದನ್ನು ತೊಟ್ಟಿಗಳಲ್ಲಿ ಸಾಕಿದರು. ಕೆಲವು ತೊಟ್ಟಿಗಳಲ್ಲಿ ಪ್ರತಿ ತಲೆಮಾರಿನಲ್ಲೂ ದೊಡ್ಡ ಮೀನುಗಳನ್ನೇ ತೆಗೆದರು, ನೂರಕ್ಕೆ ತೊಂಬತ್ತು. ಉಳಿದ ಹತ್ತು ಸಣ್ಣವು ಮೊಟ್ಟೆ ಇಡಬೇಕು. ಇನ್ನು ಕೆಲವು ತೊಟ್ಟಿಗಳಲ್ಲಿ ಇದರ ಉಲ್ಟಾ, ಸಣ್ಣವನ್ನು ತೆಗೆದು ದೊಡ್ಡವನ್ನು ಬಿಟ್ಟರು. ಮೂರನೇ ಥರದಲ್ಲಿ ಗಾತ್ರ ನೋಡದೇ ತೆಗೆದರು. ನೀರು ಒಂದೇ, ಮೇವು ಒಂದೇ, ತೆಗೆದ ಮೀನಿನ ಸಂಖ್ಯೆಯೂ ಒಂದೇ.

ನಾಲ್ಕೇ ತಲೆಮಾರು. 2002ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಸಣ್ಣವನ್ನು ತೆಗೆದ ತೊಟ್ಟಿಯಲ್ಲಿ ಸಿಕ್ಕ ಮೀನಿನ ತೂಕ, ದೊಡ್ಡವನ್ನು ತೆಗೆದ ತೊಟ್ಟಿಯಲ್ಲಿ ಸಿಕ್ಕ ತೂಕದ ಸುಮಾರು ಎರಡು ಪಟ್ಟು. ಯಾಕೆ? ದೊಡ್ಡವನ್ನೇ ಹಿಡಿಯುವ ಕಡೆ ನಿಧಾನ ಬೆಳೆಯುವ ಮೀನಿಗೆ ಲಾಭ. ಅದು ಬಲೆಯಿಂದ ಪಾರಾಗಿ ಮೊಟ್ಟೆ ಇಡುತ್ತದೆ, ಅದರ ಮಕ್ಕಳೂ ನಿಧಾನ ಬೆಳೆಯುತ್ತವೆ. ಬೇಗ ಬೆಳೆಯುವ ಜೀನ್ ಇದ್ದವು ಮೊಟ್ಟೆ ಇಡುವ ಮೊದಲೇ ಹೋಗಿಬಿಡುತ್ತವೆ. 2019ರಲ್ಲಿ ಅದೇ ಮೀನುಗಳ ಜೀನ್‌ಗಳನ್ನು ಓದಿ ನೋಡಿದಾಗ ಅಲ್ಲಿಯೂ ಬದಲಾವಣೆ ಸ್ಪಷ್ಟವಾಗಿ ಕಂಡಿತು. ಅಂದರೆ ಮೇವು ಕಡಿಮೆಯಾಗಿ ಮೀನು ಸೊರಗಿದ್ದಲ್ಲ. ವಂಶವೇ ಬದಲಾಗಿತ್ತು.

ಇನ್ನೊಂದು ಪ್ರಯೋಗ 1988ರಲ್ಲಿ ಶುರುವಾಯಿತು. ರಿಚರ್ಡ್ ಲೆನ್ಸ್ಕಿ ಅನ್ನುವವರು ಒಂದೇ ಬ್ಯಾಕ್ಟೀರಿಯಾದ ಸಂತತಿಯನ್ನು 12 ಬಾಟಲಿಗಳಲ್ಲಿ ಬೆಳೆಸಲು ಶುರು ಮಾಡಿದರು. ದಿನಾ ಅದರಲ್ಲಿ ನೂರರಲ್ಲಿ ಒಂದು ಪಾಲನ್ನು ಹೊಸ ಬಾಟಲಿಗೆ ಹಾಕುವುದು. ಪ್ರತಿ 500 ತಲೆಮಾರಿಗೆ ಒಮ್ಮೆ ಸ್ವಲ್ಪವನ್ನು ಫ್ರೀಜರಿನಲ್ಲಿ ತೆಗೆದಿಡುವುದು. ಬಾಟಲಿಯ ನೀರಿನಲ್ಲಿ ಸಿಟ್ರೇಟ್ ಅನ್ನುವ ಒಂದು ವಸ್ತುವೂ ಇತ್ತು. ಗಾಳಿ ಇರುವ ಕಡೆ ಈ ಬ್ಯಾಕ್ಟೀರಿಯಾ ಅದನ್ನು ತಿನ್ನುವುದಿಲ್ಲ, ಅದು ಈ ಜಾತಿಯ ಗುರುತೇ ಆಗಿತ್ತು. 31 ಸಾವಿರ ತಲೆಮಾರು ದಾಟಿದ ಮೇಲೆ 12ರಲ್ಲಿ ಒಂದು ಬಾಟಲಿಯಲ್ಲಿ ಮಾತ್ರ ಅದನ್ನು ತಿನ್ನುವವು ಹುಟ್ಟಿಕೊಂಡವು. ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಮುಂದಿನದು. ಫ್ರೀಜರಿನಿಂದ ಹಳೆಯ ಪೂರ್ವಜರನ್ನು ತೆಗೆದು ಮತ್ತೆ ಬೆಳೆಸಿದರು. ತೀರಾ ಹಳೆಯವರಿಂದ ಆ ಗುಣ ಮತ್ತೆ ಬರಲಿಲ್ಲ, ನಂತರದವರಿಂದ ಕೆಲವು ಸಲ ಬಂತು. ಅಂದರೆ ಮಧ್ಯೆ ಎಲ್ಲೋ ಆಗಿದ್ದ, ಆಗ ಅಂಥ ಮಹತ್ವ ಕಾಣದಿದ್ದ ಬದಲಾವಣೆಯೊಂದು ದಾರಿ ತೆರೆದಿಟ್ಟಿತ್ತು. ಈ ಗುಣ ಬೇಕು ಅಂತ ಬಾಟಲಿ ಕೇಳಲಿಲ್ಲ. ಬ್ಯಾಕ್ಟೀರಿಯಾ ಕಲಿಯಲಿಲ್ಲ. ಹನ್ನೊಂದು ಬಾಟಲಿಗಳಲ್ಲಿ ಅದು ಆಗಲೂ ಇಲ್ಲ.

ಕೊರೋನಾ ಕಾಲವನ್ನು ನಾವೆಲ್ಲ ದಾಟಿ ಬಂದಿದ್ದೇವೆ. ಡೆಲ್ಟಾ, ಆಮೇಲೆ ಒಮಿಕ್ರಾನ್. ಪೇಪರಿನಲ್ಲಿ ಅದನ್ನು ರೂಪಾಂತರಿ ಅಂತ ಬರೆದರು. ಅದೂ ಇದೇ, ಆದರೆ ವಾರಗಳ ವೇಗದಲ್ಲಿ.

ಇನ್ನು 'ಬರೀ ಥಿಯರಿ' ಅನ್ನುವ ಮಾತು. ಒಂದು ವಿಚಾರ ಎಷ್ಟು ಗಟ್ಟಿ ಅಂತ ನೋಡಲು ಒಳ್ಳೆಯ ದಾರಿ ಇದೆ. ಇನ್ನೂ ಸಿಗದ ವಸ್ತು ಎಲ್ಲಿ ಸಿಗಬೇಕು ಅಂತ ಅದು ಮೊದಲೇ ಹೇಳುತ್ತದಾ? ಮೀನಿನಿಂದ ನಾಲ್ಕು ಕಾಲಿನ ಪ್ರಾಣಿಗಳ ವಂಶ ಬಂದಿದ್ದರೆ ನಡುವಿನ ರೂಪಗಳು ಸುಮಾರು 37-38 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ, ಅದೂ ಆಗ ಹೊಳೆ, ತೊರೆ ಇದ್ದ ಜಾಗದ ಕಲ್ಲಿನಲ್ಲಿ ಇರಬೇಕು. ನೀಲ್ ಶುಬಿನ್ ಮತ್ತು ಸಂಗಡಿಗರು ಭೂಪಟ ನೋಡಿ ಅಂಥ ಕಲ್ಲು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿದೆ ಅಂತ ಗುರುತಿಸಿ, ಅಲ್ಲಿಗೇ ಹೋಗಿ, ಕೆಲವು ಬೇಸಿಗೆ ಬರಿಗೈಯಲ್ಲಿ ವಾಪಸು ಬಂದು, 2004ರಲ್ಲಿ ಅದನ್ನು ಕಂಡುಹಿಡಿದರು. ಟಿಕ್ಟಾಲಿಕ್ ಅಂತ ಹೆಸರು. ಮೀನಿನ ಪೊರೆ, ಕಿವಿರು ಇದೆ. ಜೊತೆಗೆ ಕತ್ತು ಇದೆ, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳಿವೆ. ಎಲ್ಲಿ ಅಗೆಯಬೇಕು ಅಂತ ಹೇಳಿ, ಅಗೆದು, ತೆಗೆದು ತೋರಿಸಿದ ವಿಚಾರ ಇದು. 'ಬರೀ' ಅನ್ನುವ ಮಾತು ಅದಕ್ಕೆ ಹೊಂದುವುದಿಲ್ಲ.

ಇಲ್ಲಿ ದಶಾವತಾರದ ಮಾತು ಬಂದೇ ಬರುತ್ತದೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ. ನೋಡಿ, ನಮ್ಮವರಿಗೆ ಮೊದಲೇ ಗೊತ್ತಿತ್ತು, ಅಂತ ಒಬ್ಬರಾದರೂ ಹೇಳುತ್ತಾರೆ. ಹಾಲ್ಡೇನ್ ಅವರಂಥ ದೊಡ್ಡ ಜೀವವಿಜ್ಞಾನಿ, 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯೇ ಆದವರು, ಅವರಿಗೂ ಈ ಹೋಲಿಕೆ ಗಮನಕ್ಕೆ ಬಂದಿತ್ತು. ನನಗೆ ಆ ಕಥೆಗಳ ಮೇಲೆ ಪ್ರೀತಿ ಇದೆ. ಯಕ್ಷಗಾನ ನೋಡುತ್ತಾ ಬೆಳೆದ ನಮಗೆ ಅವು ಮನೆಯ ಮಾತು. ಆದರೆ ಆ ಸಾಲನ್ನು ವಿಕಾಸ ಅಂತ ಒಪ್ಪಿಕೊಂಡರೆ ಒಂದು ತಪ್ಪು ಒಳಗೆ ಬರುತ್ತದೆ. ಕೆಳಗೆ ಮೀನು, ಮೇಲೆ ಮನುಷ್ಯ, ಎಲ್ಲ ಜೀವಿಗಳೂ ಮೆಟ್ಟಿಲು ಹತ್ತಿ ನಮ್ಮ ಕಡೆಗೇ ಬರುತ್ತಿವೆ ಅನ್ನುವ ಭಾವನೆ. ಹಾಗೆ ಮೆಟ್ಟಿಲು ಯಾವುದೂ ಇಲ್ಲ.

ಸಾಕ್ಷಿ ಬೇಕಾದರೆ ದೂರ ಹೋಗಬೇಡಿ. ಕೂರ್ಮಗಡ, ದೇವಗಡ ದ್ವೀಪಗಳ ಕಡೆ ಬೋಟಿನಲ್ಲಿ ಹೋದರೆ ಡಾಲ್ಫಿನ್ ಕಾಣುತ್ತವೆ. ಅದು ಬಾಲ ಬಡಿಯುವುದನ್ನು ಗಮನಿಸಿ. ಬಂಗುಡೆ, ಇಸ್ವಾಣ, ತಾಟೆಯಂಥ ಮೀನು ಬಾಲವನ್ನು ಎಡಬಲಕ್ಕೆ ಆಡಿಸುತ್ತದೆ. ಡಾಲ್ಫಿನ್ ಮೇಲೆ ಕೆಳಗೆ ಆಡಿಸುತ್ತದೆ, ನೆಲದ ಮೇಲೆ ಓಡುವ ನಾಯಿಯ ಬೆನ್ನು ಬಾಗುವುದೂ ಮೇಲೆ ಕೆಳಗೇ. ಉಸಿರಿಗೆ ನೀರಿನ ಮೇಲೆ ಬರಲೇಬೇಕು. ಮರಿಗೆ ಹಾಲು ಕೊಡುತ್ತದೆ. ಭ್ರೂಣದಲ್ಲಿ ಹಿಂಗಾಲಿನ ಮೊಗ್ಗು ಮೂಡಿ ಮತ್ತೆ ಮಾಯವಾಗುತ್ತದೆ. ಅದರ ಪೂರ್ವಜರು ನೆಲದಿಂದ ನೀರಿಗೆ ವಾಪಸು ಹೋದವರು, ಸುಮಾರು ಐದು ಕೋಟಿ ವರ್ಷದ ಹಿಂದೆ. ಅದೂ ಎಲ್ಲಿ? ಮುಖ್ಯ ಸಾಕ್ಷಿಗಳು ಸಿಕ್ಕಿದ್ದು ಭಾರತ ಪಾಕಿಸ್ತಾನದ ನೆಲದಲ್ಲಿ. ಎ. ರಂಗರಾವ್ ಅನ್ನುವ ನಮ್ಮ ಭೂವಿಜ್ಞಾನಿ ಜಮ್ಮು ಕಾಶ್ಮೀರದ ಕಡೆಯಿಂದ ಕೂಡಿಹಾಕಿದ್ದ ಕಲ್ಲುಗಳು ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಆಮೇಲೆ ಅವನ್ನು ಬಿಡಿಸುವಾಗ ಒಂದು ತಲೆಬುರುಡೆ ಅಕಸ್ಮಾತ್ ಮುರಿಯಿತು. ಒಳಗಿನ ಕಿವಿಯ ಮೂಳೆ ತಿಮಿಂಗಿಲದ್ದೇ ಥರ ಒಂದು ಕಡೆ ದಪ್ಪ! ನೋಡಲು ಪುಟ್ಟ ಜಿಂಕೆಯಂಥ ಪ್ರಾಣಿ. ಇಂಡೋಹಯಸ್ ಅನ್ನುವ ಆ ಪ್ರಾಣಿಯ ವರದಿ 2007ರಲ್ಲಿ ಬಂತು. ಈಗ ಬದುಕಿರುವ ಪ್ರಾಣಿಗಳಲ್ಲಿ ಡಾಲ್ಫಿನ್ ತಿಮಿಂಗಿಲಗಳಿಗೆ ಹತ್ತಿರದ ಸಂಬಂಧಿ ನೀರಾನೆ. ಡಿಎನ್‌ಎ ಹೇಳುವುದೂ ಅದನ್ನೇ.

ನೀರಿನಿಂದ ನೆಲಕ್ಕೆ ಬಂದದ್ದು ಮುಂದಕ್ಕೆ ಅಂತಾದರೆ ಡಾಲ್ಫಿನ್ ಹೋದದ್ದು ಹಿಂದಕ್ಕಾ? ಅಲ್ಲ. ಅಲ್ಲಿ ಮೇವು ಇತ್ತು, ನೀರಿನಲ್ಲಿ ಸ್ವಲ್ಪ ಚೆನ್ನಾಗಿ ಈಜಿದವಕ್ಕೆ ಜಾಸ್ತಿ ಮರಿ ಉಳಿದವು. ಕಾಳಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಜಿಗಿಯುವ ಮೀನು ಕೂಡ ಮನುಷ್ಯನಾಗುವ ದಾರಿಯಲ್ಲಿಲ್ಲ. ಕೆಸರಿನಲ್ಲಿ ಬದುಕಲು ಅದು ಈಗಲೇ ಪೂರ್ತಿ ತಯಾರಾದ ಜೀವಿ. ಪೆಸಿಫಿಕ್ ಸಾಗರದ ಗ್ಯಾಲಪಾಗೋಸ್ ದ್ವೀಪಗಳಲ್ಲಿ ಒಂದರಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಿಂದ ಹಕ್ಕಿಗಳ ಕೊಕ್ಕು ಅಳೆದರು. 1977ರ ಬರದಲ್ಲಿ ಸಣ್ಣ ಬೀಜ ಮುಗಿದು ಗಟ್ಟಿ ಬೀಜ ಮಾತ್ರ ಉಳಿಯಿತು, ದಪ್ಪ ಕೊಕ್ಕಿನವು ಉಳಿದವು. 1983ರಲ್ಲಿ ಜಡಿಮಳೆ ಬಂದು ಸಣ್ಣ ಬೀಜ ತುಂಬಿತು. ಅದಾದ ಮೇಲೆ ಸಣ್ಣ ಕೊಕ್ಕಿಗೆ ಲಾಭ. ಒಂದೇ ದ್ವೀಪ, ಒಂದೇ ಹಕ್ಕಿ, ಹತ್ತು ವರ್ಷದೊಳಗೆ ಎರಡು ಸಲ ಬದಲಾವಣೆ, ಒಂದರ ದಿಕ್ಕು ಇನ್ನೊಂದಕ್ಕೆ ಉಲ್ಟಾ.

ಮಂಗನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಿಮ್ಮ ಮುತ್ತಜ್ಜನಿಗೆ ಇಬ್ಬರು ಮಕ್ಕಳು ಅಂತ ಇಟ್ಟುಕೊಳ್ಳಿ. ಒಬ್ಬ ಘಟ್ಟದ ಮೇಲೆ ತೋಟ ಮಾಡಿದ, ಒಬ್ಬ ಘಟ್ಟದ ಕೆಳಗೆ ಉಳಿದ. ಶಿರಸಿಯಲ್ಲಿರುವ ದಾಯಾದಿಗಳಿಂದ ನೀವು ಹುಟ್ಟಿಲ್ಲ, ನಿಮ್ಮಿಂದ ಅವರೂ ಹುಟ್ಟಿಲ್ಲ. ನೀವು ಇದ್ದೀರಿ ಅಂತ ಅವರು ಇಲ್ಲವಾಗಬೇಕಾಗಿಯೂ ಇಲ್ಲ. ಈಗ ಕಾಣುವ ಯಾವ ಮಂಗದಿಂದಲೂ ಮನುಷ್ಯ ಬಂದಿಲ್ಲ. ಚಿಂಪಾಂಜಿಗೂ ನಮಗೂ ಸಮಾನವಾದ ಹಿರಿಯರು ಇದ್ದದ್ದು ಸುಮಾರು 60-70 ಲಕ್ಷ ವರ್ಷದ ಹಿಂದೆ. ಶಿರಸಿ ಹೊನ್ನಾವರದ ಕಾಡಿನ ಸಿಂಗಳೀಕದ ಜೊತೆಗಿನ ಸಂಬಂಧ ಅದಕ್ಕಿಂತ ತುಂಬ ಹಳೆಯದು, ಎರಡೂವರೆ ಕೋಟಿ ವರ್ಷಕ್ಕೂ ಹಿಂದಿನದು.

ಸಂಬಂಧ ಇದೆ ಅನ್ನಲು ಏನು ಆಧಾರ ಅಂದರೆ, ತಪ್ಪುಗಳೇ ಆಧಾರ. ಆಡು, ನಾಯಿ, ದನ ತಮಗೆ ಬೇಕಾದ ಸಿ ಜೀವಸತ್ವವನ್ನು ಮೈಯಲ್ಲೇ ಮಾಡಿಕೊಳ್ಳುತ್ತವೆ. ನಾವು ಮಾಡಿಕೊಳ್ಳಲಾರೆವು, ನೆಲ್ಲಿಕಾಯಿಯನ್ನೋ ನಿಂಬೆಯನ್ನೋ ತಿನ್ನಬೇಕು. ಅದನ್ನು ಮಾಡುವ ಜೀನ್ ನಮ್ಮಲ್ಲಿ ಇಲ್ಲ ಅಂತಲ್ಲ. ಇದೆ, ಆದರೆ ಕೆಟ್ಟು ಹೋಗಿದೆ. ಚಿಂಪಾಂಜಿಯಲ್ಲೂ ಮಂಗಗಳಲ್ಲೂ ಅದೇ ಜೀನ್ ಕೆಟ್ಟಿದೆ, ಕೆಟ್ಟ ಗುರುತುಗಳಲ್ಲಿ ಹಲವು ಒಂದೇ. ಗಿನಿಪಿಗ್‌ನಲ್ಲೂ ಆ ಜೀನ್ ಕೆಟ್ಟಿದೆ, ಆದರೆ ಅಲ್ಲಿ ಬೇರೆಯದೇ ರೀತಿಯಲ್ಲಿ. ಶಿಕ್ಷಕರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಬ್ಬರು ಹುಡುಗರು ಸರಿ ಉತ್ತರ ಒಂದೇ ಥರ ಬರೆದರೆ ಏನೂ ಹೇಳಲಾಗದು. ಒಂದೇ ಜಾಗದಲ್ಲಿ ಒಂದೇ ತಪ್ಪು ಬರೆದರೆ ಮೂಲ ಒಂದೇ ಅಂತ ಗೊತ್ತಾಗುತ್ತದೆ. ಇನ್ನೂ ಒಂದು ಇದೆ. ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳಿಗೆ ಕ್ರೋಮೋಸೋಮು ಅನ್ನುತ್ತಾರೆ. ಚಿಂಪಾಂಜಿಗೆ 48 ಕ್ರೋಮೋಸೋಮು, ನಮಗೆ 46. ಸಂಬಂಧ ನಿಜವಾಗಿದ್ದರೆ ಎರಡು ಜೋಡಿ ಸೇರಿ ಒಂದು ಜೋಡಿ ಆಗಿರಬೇಕು. ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ, ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಗುರುತುಗಳು ಮಧ್ಯದಲ್ಲಿವೆ. ಎರಡು ತುದಿ ಬೆಸೆದ ಜಾಗ ಅದು.

ಕಣ್ಣಿನ ವಿಷಯವನ್ನು ಡಾರ್ವಿನ್ ತಾನೇ ಎತ್ತಿ, ತಾನೇ ಉತ್ತರಿಸಿದ್ದ. ಅರ್ಧ ಕಣ್ಣಿನಿಂದ ಏನು ಲಾಭ ಅನ್ನುವುದು ಆಕ್ಷೇಪ. ನಮ್ಮ ಸಮುದ್ರದ ದಂಡೆಯ ಬಂಡೆಗೆ ಕವುಚಿ ಅಂಟಿಕೊಂಡಿರುವ ಪುಟ್ಟ ಚಿಪ್ಪಿನ ಜೀವಿಗಳಿವೆಯಲ್ಲ, ಇಂಗ್ಲಿಷಿನವರು ಲಿಂಪೆಟ್ ಅನ್ನುವಂಥವು, ಅವುಗಳ ಕಣ್ಣು ಬರೀ ಒಂದು ಗುಳಿ. ಬೆಳಕು ಯಾವ ಕಡೆಯಿಂದ ಅಂತ ಗೊತ್ತಾಗುತ್ತದೆ, ಅವಕ್ಕೆ ಅಷ್ಟು ಸಾಕು. ನಾಟಿಲಸ್‌ನ ಕಣ್ಣಿನಲ್ಲಿ ಆ ಗುಳಿಯ ಬಾಯಿ ಸೂಜಿರಂಧ್ರದಷ್ಟು ಕಿರಿದಾಗಿದೆ, ಮಸೂರ ಇಲ್ಲ. ಮೀನು ಪೇಟೆಯಲ್ಲಿ ಸಿಗುವ ಬೊಂಡಾಸದ (ಸ್ಕ್ವಿಡ್) ಕಣ್ಣಿಗೆ ಒಳ್ಳೆಯ ಮಸೂರವೇ ಇದೆ. ಇವೆಲ್ಲ ಒಂದೇ ದೊಡ್ಡ ಬಳಗದ ಮೃದ್ವಂಗಿಗಳು, ಎಲ್ಲವೂ ಈಗಲೂ ಬದುಕಿವೆ. ಪ್ರತಿ ಹಂತವೂ ಕೆಲಸಕ್ಕೆ ಬರುತ್ತದೆ. ನಿಲ್ಸನ್ ಮತ್ತು ಪೆಲ್ಗರ್ 1994ರಲ್ಲಿ ಲೆಕ್ಕ ಹಾಕಿ ತೋರಿಸಿದರು, ಚಪ್ಪಟೆ ಚರ್ಮದ ಚೂರಿನಿಂದ ಮಸೂರದ ಕಣ್ಣು ಆಗಲು ನಾಲ್ಕು ಲಕ್ಷಕ್ಕಿಂತ ಕಡಿಮೆ ತಲೆಮಾರು ಸಾಕು. ಬೊಂಡಾಸದ ಕಣ್ಣಿನಲ್ಲಿ ನರಗಳು ಹಿಂದಿನಿಂದ ಹೋಗುತ್ತವೆ. ನಮ್ಮಲ್ಲಿ ಮುಂದಿನಿಂದ ಹೊರಟು ಪರದೆಯನ್ನು ತೂತು ಮಾಡಿಕೊಂಡು ಹಿಂದಕ್ಕೆ ಹೋಗುತ್ತವೆ, ಅದರಿಂದ ನಮ್ಮ ಪ್ರತಿ ಕಣ್ಣಿನಲ್ಲೂ ಏನೂ ಕಾಣದ ಒಂದು ಚುಕ್ಕೆ ಇದೆ. ಕೂತು ಯೋಜನೆ ಹಾಕಿ ಮಾಡಿದ ಕೆಲಸದಲ್ಲಿ ಇಂಥದ್ದು ಇರುವುದಿಲ್ಲ. ಇದ್ದದ್ದನ್ನೇ ತಿದ್ದುತ್ತ ಬಂದ ಕೆಲಸದಲ್ಲಿ ಇರುತ್ತದೆ.

ಬಲಶಾಲಿ ಉಳಿಯುತ್ತಾನೆ, ಅದೇ ನಿಸರ್ಗದ ನಿಯಮ ಅನ್ನುವ ಮಾತನ್ನು ನಾನು ಜೋರಾಗಿಯೇ ವಿರೋಧಿಸುತ್ತೇನೆ. ಈ ಮಾತನ್ನು ಹಿಡಿದುಕೊಂಡು ಜಾತಿಯನ್ನು, ಬಡತನವನ್ನು, ಯುದ್ಧವನ್ನು ಸಮರ್ಥಿಸಿದವರಿದ್ದಾರೆ. ಸಿದ್ದಾಪುರದ ಕತ್ತಲೆಕಾನಿಗೆ ಹೋಗಿ ನೋಡಿ. 2014ರಲ್ಲಿ ವಿಜ್ಞಾನಿಗಳು ಅಲ್ಲಿಯ ಒಂದು ಕಪ್ಪೆಗೆ ಕುಂಬಾರ ಕಪ್ಪೆ ಅಂತ ಹೆಸರಿಟ್ಟರು. ಹೆಣ್ಣು ತೊರೆಯ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ಕೆಳಗಿನಿಂದ ಕೆಸರು ತೆಗೆದು, ಹಿಂಗಾಲಿನ ಮೇಲೆ ನಿಂತು, ಮುಂಗೈಗಳಿಂದ ಮೊಟ್ಟೆಗಳಿಗೆ ಮೆತ್ತುತ್ತದೆ. ಆ ಕಪ್ಪೆ ಯಾರನ್ನೂ ಹೊಡೆದು ಉಳಿದದ್ದಲ್ಲ. ಮೊಟ್ಟೆ ಒಣಗದಂತೆ, ಶತ್ರುವಿಗೆ ಕಾಣದಂತೆ ನೋಡಿಕೊಂಡ ಅಪ್ಪಂದಿರ ವಂಶ ಉಳಿದದ್ದು. ಮುಂದಿನ ತಲೆಮಾರಿಗೆ ಎಷ್ಟು ಮಂದಿ ತಲುಪಿದರು ಅನ್ನುವುದೊಂದೇ ಲೆಕ್ಕ, ಅದು ಬಲದಿಂದಲೂ ಆಗಬಹುದು, ಆರೈಕೆಯಿಂದಲೂ ಆಗಬಹುದು. ನಿಸರ್ಗದಲ್ಲಿ ಹೀಗಿದೆ ಅನ್ನುವುದರಿಂದ ನಾವು ಹೇಗಿರಬೇಕು ಅನ್ನುವುದು ಹೊರಡುವುದೂ ಇಲ್ಲ.

ಹಾಗಾದರೆ ವಿಜ್ಞಾನಿಗಳಲ್ಲಿ ವಾದ ಇಲ್ಲವಾ? ಬೇಕಾದಷ್ಟಿದೆ. 1968ರಲ್ಲಿ ಜಪಾನಿನ ಮೊಟೂ ಕಿಮೂರಾ, ಡಿಎನ್‌ಎ ಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಆಯ್ಕೆಯಿಂದಲ್ಲ, ಸುಮ್ನೆ ಅದೃಷ್ಟದಿಂದ ಹರಡಿದವು ಅಂದರು. 1972ರಲ್ಲಿ ಎಲ್ಡ್ರೆಜ್ ಮತ್ತು ಗೌಲ್ಡ್, ಜೀವಿಗಳು ದೀರ್ಘಕಾಲ ಹಾಗೇ ಇದ್ದು ನಡುನಡುವೆ ಬೇಗ ಬದಲಾಗುತ್ತವೆ ಅಂದರು. ಈ ಜಗಳಗಳು ಹೇಗೆ, ಎಷ್ಟು, ಯಾವ ವೇಗದಲ್ಲಿ ಅನ್ನುವುದರ ಬಗ್ಗೆ. ಬದಲಾಗುತ್ತವಾ ಇಲ್ಲವಾ ಅನ್ನುವುದರ ಬಗ್ಗೆ ಅಲ್ಲ. ಮಕ್ಕಳಿಗೆ ಈ ಜಗಳಗಳನ್ನೂ ಹೇಳಿಕೊಡಬೇಕು ಅನ್ನುವುದು ನನ್ನ ಆಸೆ.

ಅಂಥ ಒಂದು ವಾದ ನಮ್ಮ ಬೈತಖೋಲ್ ಬಂದರಿನಲ್ಲೇ ನಡೆಯಬೇಕು. ಮೀನು ಮೊದಲಿನಷ್ಟು ದೊಡ್ಡದು ಬರುತ್ತಿಲ್ಲ ಅಂತ ಹಿರಿಯ ಮೀನುಗಾರರು ಹೇಳುತ್ತಾರೆ. ಇದಕ್ಕೆ ಕಾರಣ ಹಲವು ಇರಬಹುದು. ಬೆಳೆಯುವ ಮೊದಲೇ ಹಿಡಿಯುವುದು ಒಂದು. ಮೇವು ಕಡಿಮೆಯಾದದ್ದು, ನೀರು ಬಿಸಿಯಾದದ್ದು ಇನ್ನೊಂದು. ಮೂರನೆಯದು ಸಿಲ್ವರ್‌ಸೈಡ್ ತೊಟ್ಟಿಯಲ್ಲಿ ಆದದ್ದು, ವಂಶವೇ ಬದಲಾಗುವುದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನುಗಾರಿಕೆ 1992ರಲ್ಲಿ ಮುಚ್ಚಿತು. ಅದಕ್ಕೂ ಮೊದಲಿನ ವರ್ಷಗಳ ದಾಖಲೆ ನೋಡಿದಾಗ ಮೀನು ಮೊದಲಿಗಿಂತ ಚಿಕ್ಕ ವಯಸ್ಸಿನಲ್ಲೇ, ಚಿಕ್ಕ ಗಾತ್ರದಲ್ಲೇ ಮೊಟ್ಟೆಗೆ ಬರಲು ಶುರುವಾಗಿತ್ತು. ಮೂರರಲ್ಲಿ ಯಾವುದು ಎಷ್ಟು ಅಂತ ತಿಳಿಯಲು ವರ್ಷವರ್ಷ ಮೀನಿನ ಉದ್ದ, ವಯಸ್ಸು, ಮೊಟ್ಟೆಗೆ ಬಂದ ಗಾತ್ರ ಅಳೆಯಬೇಕು. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರ ಕಾರವಾರದಲ್ಲೇ ಇದೆ. ವಿದ್ಯಾರ್ಥಿಗಳೇ, ಅಳೆಯುವ ಪಟ್ಟಿ ಹಿಡಿದು ಬಂದರಿನಲ್ಲಿ ನಿಲ್ಲುವ ಕೆಲಸ ನಿಮ್ಮದೂ ಆಗಬಹುದು.

ಹಿಂದೆ ರಂಪಣಿ ಬಲೆ ಇತ್ತು. ಬಂಗುಡೆ ದಂಡೆಗೆ ಹತ್ತಿರ ಬಂದಾಗ ಊರೇ ಸೇರಿ ಎಳೆಯುತ್ತಿತ್ತು. ಹತ್ತಿರ ಬಾರದ ಮೀನು ಉಳಿಯುತ್ತಿತ್ತು. ಪರ್ಸೀನ್ ಬೋಟು ಮೀನು ಇದ್ದಲ್ಲಿಗೇ ಹೋಗುತ್ತದೆ, ಟ್ರಾಲ್ ತಳವನ್ನೇ ಗುಡಿಸುತ್ತದೆ. ಜೂನ್ ಜುಲೈನ 61 ದಿನದ ನಿಷೇಧ ಒಳ್ಳೆಯದು, ಮೀನಿಗೆ ಮೊಟ್ಟೆ ಇಡಲು ಬಿಡುವು ಸಿಗುತ್ತದೆ. ಆದರೆ ಉಳಿದ ಹತ್ತು ತಿಂಗಳು ಯಾವ ಗಾತ್ರದ್ದು ಬಲೆಯಲ್ಲಿ ಉಳಿಯುತ್ತದೆ ಅನ್ನುವುದನ್ನು ಅದು ಬದಲಿಸುವುದಿಲ್ಲ. ಮುಂದಿನ ಮೀನು ಹೇಗಿರಬೇಕು ಅಂತ ತೀರ್ಮಾನ ಮಾಡುವುದರಲ್ಲಿ ಬಲೆಯ ಕಣ್ಣಿನ ಅಳತೆಗೂ ಪಾಲಿದೆ. ಕಣ್ಣು ದೊಡ್ಡದು ಮಾಡಿ ಮರಿ ಬಿಡಿ ಅಂತ ಎಲ್ಲರೂ ಹೇಳುತ್ತಾರೆ, ಅದು ಬೇಕೇ ಬೇಕು. ಜೊತೆಗೆ ತೀರಾ ದೊಡ್ಡವನ್ನೂ ಒಂದಷ್ಟು ಬಿಡಬೇಕು ಅನ್ನುವುದು ಈ ವಿಜ್ಞಾನದ ಮಾತು. ಒಂದು ದೊಡ್ಡ ಹೆಣ್ಣು ಮೀನು, ಅದೇ ತೂಕದ ಹಲವು ಸಣ್ಣ ಮೀನು ಸೇರಿ ಇಡುವುದಕ್ಕಿಂತ ಜಾಸ್ತಿ ಮೊಟ್ಟೆ ಇಡುತ್ತದೆ. ಅಮೆರಿಕದ ಮೇನ್ ಕರಾವಳಿಯಲ್ಲಿ ಲಾಬ್‌ಸ್ಟರ್ ಹಿಡಿಯುವವರು ಸಣ್ಣದನ್ನೂ ಬಿಡುತ್ತಾರೆ, ಒಂದು ಅಳತೆ ಮೀರಿ ದೊಡ್ಡದಾದದ್ದನ್ನೂ ಬಿಡುತ್ತಾರೆ. ಕಾನೂನೇ ಹಾಗಿದೆ.

ಒಮ್ಮೆ ಕಳೆದರೆ ವಾಪಸು ಬರುವುದು ಸುಲಭ ಅಲ್ಲ. ಕೊನೋವರ್ ತಂಡ ಆಮೇಲೆ ದೊಡ್ಡ ಮೀನು ತೆಗೆಯುವುದನ್ನು ನಿಲ್ಲಿಸಿ ಐದು ತಲೆಮಾರು ಕಾದು ನೋಡಿತು. ಗಾತ್ರ ಏರಿತು, ಪೂರ್ತಿ ಏರಲಿಲ್ಲ. 12 ತಲೆಮಾರಾದರೂ ಬೇಕಾಗಬಹುದು ಅಂತ ಅವರ ಅಂದಾಜು. ಅದೂ ತೊಟ್ಟಿಯಲ್ಲಿ ಆ ಜೀನ್‌ಗಳು ಇನ್ನೂ ಅಷ್ಟಿಷ್ಟು ಉಳಿದಿದ್ದರಿಂದ. ಕಗ್ಗದ ವಿಷಯವೂ ಹೀಗೇ. ಗಜನಿಗಳು ಸಿಗಡಿ ಕೆರೆಗಳಾದವು, ಪಾಳು ಬಿದ್ದವು, ಬಿತ್ತುವವರು ಕಡಿಮೆಯಾದರು. ಬೀಜವನ್ನು ಬೀಜಬ್ಯಾಂಕಿನ ಡಬ್ಬಿಯಲ್ಲಿ ಇಟ್ಟು ಉಳಿಸಬಹುದು, ಇಡಲೇಬೇಕು. ಆದರೆ ಡಬ್ಬಿಯಲ್ಲಿ ಉಪ್ಪು ಇಲ್ಲ, ನೆರೆ ಇಲ್ಲ, ಏರುತ್ತಿರುವ ಸಮುದ್ರವೂ ಇಲ್ಲ. ಗದ್ದೆಯಲ್ಲಿದ್ದರೆ ಮಾತ್ರ ಅದು ಮುಂದಿನ ಉಪ್ಪಿಗೂ ತಯಾರಾಗುತ್ತ ಹೋಗುತ್ತದೆ. ಮಾಣಿಕಟ್ಟಾದಲ್ಲಿ ಈಗಲೂ ಬಿತ್ತುವವರಿದ್ದಾರೆ. ಅವರಿಗೆ ಕಗ್ಗಕ್ಕೆ ನ್ಯಾಯವಾದ ಬೆಲೆ ಸಿಗಬೇಕು, ಕಟ್ಟೆಗಳು ಸರಿಯಾಗಬೇಕು. ಈ ಬೇಡಿಕೆಗೆ ವಿಕಾಸದ ಪಾಠವೇ ಕಾರಣ ಅಂತ ಅರ್ಜಿಯಲ್ಲಿ ಬರೆದರೂ ತಪ್ಪಿಲ್ಲ.

ಈಗ ಪ್ರಶ್ನೆಗಳು. ಒಪ್ಪದವರು ಮೊದಲು ಕೇಳಿ.